ದೋಣಿಯ ಮೂಗು ಯಾವ ಕಡೆಗಿದೆ

ಮಠದ ಜಗಲಿ

ಕಾಶಿಗೆ ಹೋಗಿಬಂದೆ ಎಂದರೆ ನಮ್ಮ ತಿಪಟೂರಿನವರು ಗಂಗಾಜಲಕ್ಕೆ ಕೈ ಒಡ್ಡುತ್ತಾರೆ. ಈ ಸಲ ನಾನು ತಂಬಿಗೆಯಲ್ಲಿ ತರಲಿಲ್ಲ, ಪ್ಯಾಂಟಿನ ಜೇಬಿನಲ್ಲಿ ತಂದೆ. ಸೊಸೆ ಆ ಪ್ಯಾಂಟನ್ನು ಬಂದ ದಿನವೇ ಒಗೆದು ಹಾಕಿದಳು. ತೀರ್ಥ ಬೇಕಾದವರು ನಮ್ಮ ಬಚ್ಚಲ ಮೋರಿಯನ್ನು ವಿಚಾರಿಸಿಕೊಳ್ಳಬಹುದು.

ಕಾಶಿ ಪರದೇಶವೇ ಎಂದು ನೀವು ಕೇಳಬಹುದು. ಪಾಸ್‌ಪೋರ್ಟ್ ಇಲ್ಲದೆ ಹೋಗಬಹುದಾದ ಪರದೇಶಗಳಲ್ಲಿ ಅದೇ ದೊಡ್ಡದು ಎಂಬುದು ನನ್ನ ತೀರ್ಮಾನ. ಅಲ್ಲಿ ಬೆಳಗಿನ ತಿಂಡಿಗೆ ಜಿಲೇಬಿ ಕೊಡುತ್ತಾರೆ. ಗೂಳಿ ಬಂದರೆ ಮನುಷ್ಯ ಗೋಡೆಗೆ ಅಂಟಿಕೊಳ್ಳುತ್ತಾನೆ, ಗೂಳಿ ಥ್ಯಾಂಕ್ಸ್ ಕೂಡ ಹೇಳುವುದಿಲ್ಲ.

ನಾನು ಹೋದದ್ದು ನಮ್ಮಕ್ಕ ಗಿರಿಜಕ್ಕನನ್ನು ನೋಡಲು. ಭಾವ ರೈಲ್ವೆಯಲ್ಲಿದ್ದರು. ವರ್ಗವಾಗಿ ಕಾಶಿಗೆ ಹೋದವರು ಅಲ್ಲೇ ರಿಟೈರಾಗಿ ಅಲ್ಲೇ ತೀರಿಕೊಂಡರು. ಮಣಿಕರ್ಣಿಕೆಯಲ್ಲಿ ಅವರ ಕಾರ್ಯ ಮುಗಿದ ದಿನ ಅಕ್ಕ ಒಂದು ಸಂಕಲ್ಪ ಮಾಡಿದಳು: ಇನ್ನು ಕಾಶಿಯ ಎಲ್ಲೆ ದಾಟುವುದಿಲ್ಲ. ಕಾಶಿಯಲ್ಲಿ ಸತ್ತವರಿಗೆ ಮುಕ್ತಿ. ಊರೆಲ್ಲ ಇರುವುದು ಹೊಳೆಯ ಈ ದಡದಲ್ಲಿ. ಆ ದಡದಲ್ಲಿ ಬರೀ ಮರಳು, ರಾಮನಗರ. ಅಲ್ಲಿ ಸತ್ತರೆ ಮುಂದಿನ ಜನ್ಮ ಕತ್ತೆಯದು ಎಂದು ಕಾಶಿಯವರ ನಂಬಿಕೆ. ನನ್ನ ಮಗಳ ಮದುವೆಗೆ ಕರೆದಾಗ ಅಕ್ಕ ಫೋನಿನಲ್ಲೇ ಅಕ್ಷತೆ ಹಾಕಿದಳು. "ದಾರೀಲಿ ಹೆಚ್ಚುಕಮ್ಮಿ ಆದ್ರೆ ಕತ್ತೆ ಆಗ್ಬೇಕಲ್ಲೋ ರುದ್ರ" ಎಂದಳು. "ಆಗು, ನಾನು ಹುಲ್ಲು ಹಾಕ್ತೀನಿ" ಎಂದೆ. ಆಮೇಲೆ ಎಷ್ಟೋ ಕಾಲ ಮಾತು ಬಿಟ್ಟಿದ್ದಳು.

ನನ್ನ ಬಗ್ಗೆಯೂ ಎರಡು ಮಾತು. ನಾನು ಫೌಜಿನಲ್ಲಿ ಸುಬೇದಾರನಾಗಿದ್ದವನು. ಬಂದೂಕಿಗಿಂತ ಮೈಕು ಹಿಡಿದದ್ದೇ ಹೆಚ್ಚು. ಎದುರಿನವರ ಕಿವಿಗೆ ಏನು ಬೀಳಬೇಕು, ಕಣ್ಣಿಗೆ ಏನು ಕಾಣಬೇಕು ಎಂದು ನೋಡಿಕೊಳ್ಳುವ ಪುಟ್ಟ ತುಕಡಿ ನಮ್ಮದು. ಒಮ್ಮೆ ಗುಡ್ಡದ ಮೇಲೆ ನಾವು ಬೆರಳೆಣಿಕೆಯ ಜನ ಇದ್ದಾಗ, ಕೆಳಗಿನ ಧೋಬಿಯಿಂದ ಮೂಟೆಗಟ್ಟಲೆ ಬನಿಯನ್ನು ಚಡ್ಡಿ ತರಿಸಿ ಉದ್ದಕ್ಕೂ ಹಗ್ಗ ಕಟ್ಟಿ ಒಣಹಾಕಿಸಿದೆ. ಎದುರಿನ ಗುಡ್ಡದವರು ದುರ್ಬೀನಿನಲ್ಲಿ ಚಡ್ಡಿ ಲೆಕ್ಕ ಹಾಕಿ, ದೊಡ್ಡ ಪಲ್ಟನ್ನೇ ಬಂದಿದೆ ಎಂದು ತಿಳಿದು ತೆಪ್ಪಗಾದರು. ಯುದ್ಧವಿಲ್ಲದೆ ಗುಡ್ಡ ಉಳಿಸಿದ ಚಡ್ಡಿಗಳಿಗೆ ಪದಕ ಸಿಗಲಿಲ್ಲ, ನನಗೂ ಸಿಗಲಿಲ್ಲ. ಹೋಗಲಿ ಬಿಡಿ.

ಕಾಶಿಯಲ್ಲಿ ಇಳಿದಾಗ ಗಂಗೆ ಉಕ್ಕಿದ್ದಳು. ಅಕ್ಕನ ಮನೆಯಿರುವ ಶಿವಾಲಕ್ಕೆ ದಾರಿಯೇ ಇರಲಿಲ್ಲ. ಎತ್ತರದಲ್ಲಿದ್ದ ನಮ್ಮ ಕಡೆಯವರ ಮಠಕ್ಕೆ ಹೋದೆ. ಮಠದ ಮ್ಯಾನೇಜರು ಶಿವಲಿಂಗಯ್ಯ ಹುಟ್ಟಿದ್ದು ಹಾವೇರಿ ಕಡೆ. ಈಗ ಮಕ್ಕಳನ್ನು ಹಿಂದಿಯಲ್ಲಿ ಬೈದು, ಹೆಂಡತಿಯಿಂದ ಕನ್ನಡದಲ್ಲಿ ಬೈಸಿಕೊಳ್ಳುವ ಮನುಷ್ಯ.

"ಬಾಢ್ ಬಂದೈತ್ರಿ ಸರ್. ಶಿವಾಲಾ ಗಲ್ಲಿಗೆ ಸೊಂಟದ ತನಕ ಪಾನಿ. ಅಕ್ಕಾರು ಮೂರನೇ ಮಂಜಿಲ್‌ನ್ಯಾಗ ಆರಾಮ ಅದಾರ. ಮ್ಯಾಲಿಂದ ಬುಟ್ಟಿ ಬಿಡ್ತಾರ, ನಾವೆಯವ್ರು ಹಾಲು ತರಕಾರಿ ಹಾಕ್ತಾರ" ಎಂದರು.

ನಮ್ಮ ತಿಪಟೂರಿನಲ್ಲಿ ಕೆರೆ ಕೋಡಿ ಬಿದ್ದರೆ ಅಂಗಡಿ ಮುಚ್ಚಿ ನೋಡಲು ಓಡುತ್ತೇವೆ. ಇಲ್ಲಿ ಹೊಳೆಯೇ ನಡುಮನೆಗೆ ಬಂದರೂ ಜನ ಒಂದು ಮಹಡಿ ಮೇಲೆ ಹತ್ತಿ, ಬುಟ್ಟಿ ಇಳಿಬಿಟ್ಟು, ಟೊಮೆಟೊ ಚೆನ್ನಾಗಿಲ್ಲ ಎಂದು ಜಗಳವಾಡುತ್ತಾರೆ. ನನಗೆ ಊರು ತಕ್ಷಣ ಹಿಡಿಸಿತು.

ವಿಶ್ವನಾಥ ಗಲ್ಲಿ

ದಾರಿ ತೆರೆಯುವ ತನಕ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ವಿಶ್ವನಾಥ ಗಲ್ಲಿಗೆ ಹೋದೆ. ಬಾಯಿಗೆ ಬಾಯಿ ತಾಕುವಷ್ಟು ಹತ್ತಿರ ಅಂಗಡಿಗಳು. ಇಂಥ ಗಲ್ಲಿ ಕಂಡರೆ ನನ್ನ ಕೈ ಕಡಿಯುತ್ತದೆ. ತುದಿಯಲ್ಲಿದ್ದ ಶಾಲಿನ ಅಂಗಡಿಯವನ ಹತ್ತಿರ ಕೂತು, ಗುಟ್ಟು ಹೇಳುವವನ ಹಾಗೆ ಹೇಳಿದೆ: "ದಕ್ಷಿಣದಿಂದ ಯಾತ್ರಿಕರ ಗುಂಪು ಬರ್ತಿದೆ ಭಯ್ಯಾ. ಈ ಸಲ ನೀಲಿ ಶಾಲು ಬಿಟ್ಟು ಬೇರೆ ಮುಟ್ಟಲ್ವಂತೆ."

ಎರಡು ತಿರುವು ದಾಟಿ, ಒಂದು ಗೂಳಿಗೆ ದಾರಿ ಬಿಟ್ಟು, ಸೆಗಣಿಯ ಮೇಲೆ ಜಾರಿ ಬಿದ್ದು, ಎದ್ದು, ಈ ತುದಿಗೆ ಬರುವಷ್ಟರಲ್ಲಿ ಇಲ್ಲಿನ ಅಂಗಡಿಯವನು ನೀಲಿ ಶಾಲುಗಳನ್ನು ಮುಂದೆ ನೇತುಹಾಕುತ್ತಿದ್ದ! "ಯಾಕೆ ಗುರು, ಎಲ್ಲಾ ನೀಲಿ?" ಎಂದೆ. "ಸ್ವಾಮೀಜಿಗೆ ಕನಸು ಬಿದ್ದಿದೆ" ಎಂದ. ನನ್ನ ಮಾತಿಗೆ ದಾರಿಯಲ್ಲಿ ಒಬ್ಬ ಸ್ವಾಮೀಜಿಯೂ ಒಂದು ಕನಸೂ ಸೇರಿಕೊಂಡಿದ್ದವು. ಜೀವಮಾನವಿಡೀ ಸುದ್ದಿ ಹಬ್ಬಿಸಿದ ನಾನು ಆ ಗಲ್ಲಿಗೆ ಮನಸ್ಸಿನಲ್ಲೇ ಸೆಲ್ಯೂಟ್ ಹೊಡೆದೆ.

ಅದೇ ಹೊತ್ತಿಗೆ ಶಿವಲಿಂಗಯ್ಯ ಫೋನ್ ಮಾಡಿದರು. ಅಕ್ಕನ ಮನೆ ಸಾಲಿನ ಹಿಂದಿನ ಗೋಡೆಗಳು ಬಿರುಕು ಬಿಟ್ಟಿವೆ. ಹಳೆಯ ಇಟ್ಟಿಗೆಯ ಮನೆಗಳು. ನೀರು ಏರುವಾಗ ನಿಂತಿರುತ್ತವೆ, ಇಳಿಯುವಾಗ ಕುಸಿಯುತ್ತವೆ. ನೀರು ಇಂದೋ ನಾಳೆಯೋ ಇಳಿಯಲು ಶುರುವಾಗುತ್ತದಂತೆ. ಜನರನ್ನು ಸಾಗಿಸಲು ಫೌಜಿನ ದೋಣಿಗಳು ಬಂದಿವೆ. "ಆದ್ರ ಅಕ್ಕಾರು ಇಳೀವಲ್ರು ಸರ್. ಗಲ್ಲಿನ್ಯಾಗ ಯಾರೂ ಇಳೀವಲ್ರು."

ಪಾನ್ ಉಗಿದು ಓಡಿದೆ.

ಶಿವಾಲ, ಹೊಳೆಯ ಕಡೆಯಿಂದ

ದೋಣಿಗಳ ಮುಖ್ಯಸ್ಥೆ ಒಬ್ಬ ಹೆಣ್ಣುಮಗಳು, ಮೇಜರ್ ಅಂಬಿಕಾ. ಬೀದರಿನವಳು. ನಾನು ಎದೆಯುಬ್ಬಿಸಿ ನಿಂತು ಒಳಗೆ ಸಿಕ್ಕಿಕೊಂಡ ಅಕ್ಕ, ನನ್ನ ಸುಬೇದಾರಿಕೆ, ಮೈಕು, ಗುಡ್ಡದ ಚಡ್ಡಿಗಳ ಕಥೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಕೆ ಚಡ್ಡಿಯ ಜಾಗದಲ್ಲಿ ಮಾತ್ರ ನಕ್ಕಳು.

"ಅಕ್ಕಾರಿಗಿ ಕನ್ನಡದಾಗ ಹೇಳ್ತೀರಿ? ಹಂಗಾದ್ರ ಹತ್ರಿ. ಜಾಕೆಟ್ ಹಾಕೋರಿ ಮೊದಲ. ಉಲ್ಟಾ ಹಾಕ್ಕೊಂಡೀರಿ."

ಘಾಟಿನ ಮೆಟ್ಟಿಲೆಲ್ಲ ಮುಳುಗಿ, ಗುಡಿಗಳ ತುದಿ ಮಾತ್ರ ನೀರಿನ ಮೇಲೆ ಕಾಣುತ್ತಿತ್ತು. ದಂಡೆಯ ಹತ್ತಿರ ಸುಳಿ ಜಾಸ್ತಿ, ಒಳಗೆ ಕಲ್ಲುಕಂಬ. ಅದಕ್ಕೇ ಮೋಟಾರು ದೋಣಿ ನಡುಹೊಳೆಗೆ ಹೋಗಿ, ದೊಡ್ಡ ಸುತ್ತು ಹಾಕಿ ಮತ್ತೆ ಈ ದಡಕ್ಕೇ ಬರಬೇಕು. ನಾವು ಹಾಗೇ ಬಂದು ಶಿವಾಲದ ಗಲ್ಲಿಯ ಬಾಯಲ್ಲಿ ನಿಂತೆವು. ದೋಣಿಯಲ್ಲಿದ್ದ ಸ್ಪೀಕರು ಹಿಂದಿಯಲ್ಲಿ ಕೂಗುತ್ತಿತ್ತು: ನಿಮ್ಮ ಮನೆಗಳು ಕುಸಿಯಬಹುದು, ಪ್ರಾಣಕ್ಕೆ ಅಪಾಯವಿದೆ, ನಿಮ್ಮನ್ನು ಸುರಕ್ಷಿತ ಸ್ಥಳಕ್ಕೆ ಕರೆದೊಯ್ಯುತ್ತೇವೆ.

ಮೇಲಿನ ಕಿಟಕಿಗಳಲ್ಲಿ ಮುದುಕಿಯರು ಜಪಮಾಲೆ ಹಿಡಿದು ಆರಾಮಾಗಿ ನಮ್ಮನ್ನು ನೋಡುತ್ತಿದ್ದರು. ರಥಕ್ಕೆ ಬಾಳೆಹಣ್ಣು ಎಸೆಯುವುದೊಂದು ಬಾಕಿ.

ನಾನು ಮೈಕು ಕಿತ್ತುಕೊಂಡೆ. "ಗಿರಿಜಕ್ಕಾ! ನಾನು, ರುದ್ರಪ್ಪ! ಇಳಿದು ಬಾ!"

ಮೂರನೇ ಮಹಡಿಯ ಕಿಟಕಿ ತೆರೆಯಿತು. ಬೆಳ್ಳಿ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ.

"ಏನ್ಲಾ ರುದ್ರ, ಯಾವಾಗ್ ಬಂದೆ? ಊಟ ಆಯ್ತಾ?"

"ಊಟ ಹಾಳಾಗ್ಲಿ! ಗೋಡೆ ಬೀಳ್ತದೆ ಕಣೆ!"

"ಬೀಳ್ಲಿ ಬಿಡು. ಕಾಶೀಲೇ ಬೀಳ್ತದಲ್ಲ. ನಾನೇನ್ ತಿಪಟೂರಲ್ಲಿದೀನಾ, ಹೆದರ್ಕಳಕೆ?"

ನನಗೆ ತಲೆ ಓಡಿತು. ಹೆದರಿಕೆ ಸ್ವಲ್ಪ ಸಾಲದೇ ಬಂದಿದೆ, ಡೋಸು ಹೆಚ್ಚಿಸಬೇಕು. "ಅಕ್ಕಾ, ಮೇಲಿನ ಅಣೆಕಟ್ಟು ಬಾಗಿಲು ತೆಗೆದವ್ರಂತೆ! ಸಂಜೆಗೆ ನಿನ್ನ ಮೂರನೇ ಮಹಡಿ ಮುಳುಗ್ತದೆ!"

ಅಕ್ಕ ಎದುರುಮನೆಯ ಮುನ್ನಿ ಚಾಚಿಗೆ ಇದನ್ನು ಹಿಂದಿಗೆ ತಿರುಗಿಸಿ ಹೇಳಿದಳು. ಚಾಚಿ ಕೈ ಮುಗಿದು, "ಗಂಗಾ ಮೈಯಾ ಖುದ್ ಲೇವೇ ಆವತ್ ಹಈಂ!" ಎಂದಳು. ಗಂಗಮ್ಮ ತಾನೇ ಕರೆದೊಯ್ಯಲು ಬರುತ್ತಿದ್ದಾಳಂತೆ. ಇಡೀ ಗಲ್ಲಿ ಸಂತೋಷದಿಂದ "ಹರ ಹರ ಮಹಾದೇವ" ಎಂದಿತು. ಸಾಯಲೆಂದೇ ಬಂದು ಕೂತ ಊರಿನಲ್ಲಿ ಸಾವಿನ ಬೆದರಿಕೆ ಹಾಕಿದ ಮೊದಲ ಬುದ್ಧಿವಂತ ನಾನೇ ಇರಬೇಕು.

ಮೇಜರ್ ನನ್ನ ಕೈಯಿಂದ ಮೈಕು ತೆಗೆದುಕೊಂಡಳು. "ಅಣೆಕಟ್ಟಿನ ಬಾಗಿಲು ತೆಗೆದಾರಂತ ಯಾರ್ ಹೇಳಿದ್ರಿ ನಿಮಗ?"

"ಯಾರೂ ಇಲ್ಲ. ಸುಮ್ನೆ ಒಂದು ಪಟಾಕಿ."

"ನಾಳೆ ಖರೇನೇ ತೆಗೆದ್ರ ನಾ ಏನ್ ಹೇಳ್ಲಿ? ಯಾರು ನಂಬ್ತಾರ?" ಧ್ವನಿ ಏರಲಿಲ್ಲ, ಅದಕ್ಕೇ ಹೆಚ್ಚು ತಾಕಿತು. "ಎದುರಿನ ಗುಡ್ಡದವ್ರಿಗಿ ನೀವು ಚಡ್ಡಿ ತೋರಿಸಿದ್ರಿ, ಛಲೋ ಆತು. ಇವ್ರು ನಮ್ಮ ಮಂದಿ."

ಆಮೇಲೆ ಆಕೆ ತಾನೇ ಮೇಲೆ ನೋಡಿ ಕೇಳಿದಳು: "ಅಕ್ಕಾರ, ನಿಮಗ ಯಾವುದರ ಅಂಜಿಕಿ? ಗೋಡೀದು ಅಲ್ಲ ಅಂತೀರಿ. ಮತ್ಯಾವುದ್ರದು?"

ಅಷ್ಟು ದಿನದಲ್ಲಿ ಆ ಗಲ್ಲಿಯವರನ್ನು ಇದನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅಕ್ಕ ಕಿಟಕಿಯಿಂದ ಅರ್ಧ ಹೊರಗೆ ಬಂದು ಬೆರಳು ಚಾಚಿದಳು.

"ಅಲ್ಲಿಗ್ ಒಯ್ತೀರಲ್ಲಮ್ಮ, ಅದರದ್ದು. ಉಸ್ ಪಾರ್! ಬೆಳಿಗ್ಗೆ ಮೂಲೆಮನೆ ಪಂಡಿತರನ್ನ ಒಯ್ದ್ರಲ್ಲ, ಸೀದಾ ಆ ದಡಕ್ಕೇ ಹೋಯ್ತು ದೋಣಿ. ನಾವೆಲ್ಲ ಕಣ್ಣಾರೆ ನೋಡಿದ್ವಿ. ಸಂಜೆ ನಿಮ್ಮ ದೋಣಿಗಳೆಲ್ಲಾ ಆ ಕಡೇಗೇ ಹೋಗಿ ಮಲಗ್ತವೆ. ಸುರಕ್ಷಿತ ಅಂದ್ರೆ ಎಲ್ಲಿ? ಹೆಸರ್ಯಾಕೆ ಹೇಳಲ್ಲ? ನಾನು ಅಲ್ಲಿ ಸತ್ತು ಕತ್ತೆ ಆಗಲ್ಲಮ್ಮ."

"ಇಲ್ಲ ಅಕ್ಕಾ, ಕ್ಯಾಂಪು ಈ ದಡದಲ್ಲೇ ಇದೆ, ಭೇಲೂಪುರದ ಶಾಲೇಲಿ!" ಎಂದು ನಾನು ಕೂಗಿದೆ. ಅದು ನೂರಕ್ಕೆ ನೂರು ಸತ್ಯ.

"ನೀ ಹೇಳ್ದೆ ಅಂದ್ಮೇಲೆ ಖಂಡಿತಾ ಆ ದಡಾನೇ" ಎಂದು ಅಕ್ಕ ಕಿಟಕಿ ಹಾಕಿಕೊಂಡಳು.

ಭೇಲೂಪುರದ ಶಾಲೆ

ಕ್ಯಾಂಪಿನ ಶಾಲೆಯಲ್ಲಿ ಬೆಂಚಿನ ಮೇಲೆ ಕೂತು ನಾವು ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ಕುಡಿದೆವು. ನಾನು ಎರಡು ಸಕ್ಕರೆ ಜಾಸ್ತಿ ಹಾಕಿಸಿಕೊಂಡೆ, ಮುಖ ಸಣ್ಣದಾದಾಗ ನನಗೆ ಸಿಹಿ ಬೇಕು. ಮೂಲೆಮನೆಯ ಪಂಡಿತರು ಅಲ್ಲೇ ಕಾರಿಡಾರಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಅವರು ಆ ದಡದಲ್ಲಿ ಕತ್ತೆಯಾಗುವ ದಾರಿಯಲ್ಲಿದ್ದಾರೆ ಎಂದು ಶಿವಾಲವೆಲ್ಲ ಮರುಗುತ್ತಿತ್ತು. ನಮ್ಮ ಮಠದ ಶಿವಲಿಂಗಯ್ಯನ ಫೋನಿಗೂ ಯಾರೋ ಕಳಿಸಿದ ಧ್ವನಿ ಸಂದೇಶ ಬಂದಿತ್ತು: ಮುದುಕರನ್ನು ಹೊಳೆಯಾಚೆ ಸಾಗಿಸುತ್ತಿದ್ದಾರೆ, ಬಾಗಿಲು ತೆಗೆಯಬೇಡಿ.

"ನಾವು ಖರೇ ಹೇಳ್ಲಾಕತ್ತೀವಿ. ನಮ್ಮ ದೋಣಿ ಸುಳ್ಳು ಹೇಳ್ಲಾಕತ್ತದ" ಎಂದಳು ಮೇಜರ್.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಹೊಳೆ ಬರೆದಳು, ಶಿವಾಲ ಬರೆದಳು. ಕಿಟಕಿಯಲ್ಲಿ ಕೂತವರಿಗೆ ಕಾಣುವುದು ದೋಣಿ ನಡುಹೊಳೆಗೆ ಹೋಗುವುದಷ್ಟೇ. ಅದು ತಿರುಗಿ ಈ ದಡಕ್ಕೆ ಬರುವುದನ್ನು ಘಾಟಿನ ಪಕ್ಕದ ಹಳೆಯ ಅರಮನೆಯ ಗೋಡೆ ಮರೆಮಾಡುತ್ತದೆ. ತುಕಡಿಯ ಡೇರೆ, ಪೆಟ್ರೋಲು ಎಲ್ಲ ಆ ದಡದಲ್ಲಿ. ಸಂಜೆ ದೋಣಿಗಳೆಲ್ಲ ಅಲ್ಲಿಗೇ ಹೋಗುತ್ತವೆ.

"ದೋಣಿ ಎಲ್ಲಿ ಹೋಗಬೇಕಂತ ಒಂದು ಟೇಬಲ್ ಮ್ಯಾಲ ಬರದೀವಿ. ಮೈಕಿನಾಗ ಏನು ಹೇಳಬೇಕಂತ ಇನ್ನೊಂದು ಟೇಬಲ್ ಮ್ಯಾಲ. ಮಂದಿ ಮೈಕು ಕೇಳಂಗಿಲ್ರಿ ಸುಬೇದಾರ್ ಸಾಬ್. ದೋಣಿ ಮೂಗು ಯಾವ ಕಡಿ ಅದ, ಅದನ್ನ ಕೇಳ್ತಾರ."

"ಹಾಗಾದ್ರೆ ಮೈಕಲ್ಲಿ ಜೋರಾಗಿ ಶಾಲೆ ಹೆಸರು ಹೇಳೋಣ" ಎಂದೆ.

"ಹೇಳೋಣ. ಆದ್ರ ಮೊದಲ ದೋಣಿ ತಿರುಗಿಸೋಣ."

ನಾನು ನಮ್ಮ ಕಾಲದಲ್ಲಿ ಅನೇಕ ಅಧಿಕಾರಿಗಳನ್ನು ಕಂಡಿದ್ದೇನೆ. ಲಡಾಯಿಯ ಯೋಜನೆ ಎಲ್ಲ ಮುಗಿದ ಮೇಲೆ ನನ್ನಂಥವನನ್ನು ಕರೆದು, "ಇದಕ್ಕೊಂದು ಒಳ್ಳೆ ಮಾತು ಅಂಟಿಸಪ್ಪ" ಎನ್ನುತ್ತಿದ್ದರು. ಲಗ್ನಪತ್ರಿಕೆ ಹಂಚಿ ಮುಗಿದ ಮೇಲೆ ಗಂಡು ಹುಡುಕಲು ಹೇಳಿದ ಹಾಗೆ. ಮಾತಿಗಾಗಿ ಯೋಜನೆಯನ್ನೇ ಬದಲಿಸಿದವರನ್ನು ನಾನು ಕಂಡದ್ದು ಇದೇ ಮೊದಲು. ಸುಲಭವೂ ಆಗಿರಲಿಲ್ಲ. ಹೊಳೆ ಬಿಟ್ಟು ಬೀದಿಯ ಕಡೆಯಿಂದ ಹೋಗಬೇಕೆಂದರೆ ಗಲ್ಲಿಯಲ್ಲಿ ಮೋಟಾರು ನಡೆಯದು. ನೇತಾಡುವ ಕರೆಂಟು ತಂತಿ ಬಿಚ್ಚಿಸಬೇಕು, ಎದೆಮಟ್ಟದ ನೀರಿನಲ್ಲಿ ಜವಾನರೇ ದೋಣಿ ತಳ್ಳಬೇಕು. ಹೊತ್ತು ಹಿಡಿಯುತ್ತದೆ, ಗೋಡೆಗಳೋ ಕಾಯುವುದಿಲ್ಲ. ಆಕೆ ಮೇಲಿನವರಿಗೆ ಫೋನು ಮಾಡಿ, ಬೈಸಿಕೊಂಡು, ಒಪ್ಪಿಸಿ, ಅಂದು ಬೆಳಕಿರುವಾಗಲೇ ಡೇರೆಗಳನ್ನೆಲ್ಲ ಈ ದಡಕ್ಕೆ ತರಿಸಿದಳು. ದೋಣಿಗಳನ್ನು ಶಿವಾಲದ ಕಿಟಕಿಗಳ ಎದುರಿಗೇ ಕಟ್ಟಿಸಿದಳು.

ಆಮೇಲೆ ನನ್ನ ಕಡೆ ತಿರುಗಿ, "ಶಾಲಿ ಮಾಳಗಿ ಶಿವಾಲದ ಮಾಳಗಿಗೆ ಕಾಣ್ತದ ಏನ್ರಿ?" ಎಂದಳು.

"ಕಾಣುತ್ತೆ."

"ಹಂಗಾದ್ರ ನಿಮ್ಮ ಚಡ್ಡಿ ಹಗ್ಗ ಕಟ್ರಿ. ಆದ್ರ ಇರೋರದ್ದೇ ಚಡ್ಡಿ, ಇರೋಷ್ಟೇ. ಒಂದೂ ಜಾಸ್ತಿ ಬ್ಯಾಡ."

ಇಡೀ ತುಕಡಿಯ ಒದ್ದೆ ಸಮವಸ್ತ್ರ, ಟವೆಲ್ಲು, ಬನಿಯನ್ನು, ಕೊನೆಗೆ ಮೂಲೆಮನೆ ಪಂಡಿತರ ಕೇಸರಿ ಧೋತ್ರ, ಎಲ್ಲವನ್ನೂ ಶಾಲೆಯ ಮಾಳಿಗೆಯಲ್ಲಿ ನನ್ನ ಕೈಯಾರೆ ನೇತುಹಾಕಿದೆ. ಧೋತ್ರವನ್ನು ಸೇರಿಸಿದ್ದು ನನ್ನ ಸ್ವಂತ ಬುದ್ಧಿ. ಇದನ್ನು ಯಾರಾದರೂ ಮೇಜರಿನ ಖಾತೆಗೆ ಬರೆದರೆ ನಾನು ಒಪ್ಪುವುದಿಲ್ಲ. ಸುಳ್ಳಿಲ್ಲದ ಬಟ್ಟೆ ಒಣಹಾಕಿದ್ದು ನನ್ನ ವೃತ್ತಿಜೀವನದಲ್ಲಿ ಅದೇ ಮೊದಲು.

ಶಿವಾಲ, ಬೀದಿಯ ಕಡೆಯಿಂದ

ಮರುದಿನ ಬೆಳಿಗ್ಗೆ ನೀರು ಇಳಿಯಲು ಶುರುವಾಗಿತ್ತು. ಗೋಡೆಯ ಮೇಲೆ ಒದ್ದೆ ಗೆರೆ ಕಾಣುತ್ತಿತ್ತು. ಗಲ್ಲಿಯೊಳಗೆ ಎಲ್ಲೋ ಇಟ್ಟಿಗೆ ನೀರಿಗೆ ಉದುರುವ ಸದ್ದು. ಜವಾನರು ದೋಣಿ ತಳ್ಳಿಕೊಂಡು ಒಳಗೆ ಹೋದರು. ನಾನು ದೋಣಿಯಲ್ಲಿ ಕೂತು, ನೇತಾಡುವ ತಂತಿಗಳಿಗೆ ತಲೆ ತಗ್ಗಿಸುತ್ತ, ಜೀವ ಕೈಯಲ್ಲಿ ಹಿಡಿದಿದ್ದೆ. ಅಕ್ಕನ ಮನೆಯ ಹಿಂದಿನ ಗೋಡೆಯ ಬಿರುಕಿನಲ್ಲಿ ಆಕಾಶ ಕಾಣುತ್ತಿತ್ತು.

ಸ್ಪೀಕರು ಇರಲಿಲ್ಲ. ಮೇಜರ್ ಬರಿಗಂಟಲಿನಲ್ಲಿ ಹೇಳಿದಳು: "ಅಕ್ಕಾರ, ದೋಣಿ ಮೂಗು ನೋಡ್ರಿ. ಊರ ಕಡಿ ಅದ. ಹೊಳಿ ಕಡಿ ಹೋಗಂಗಿಲ್ಲ."

ಅಕ್ಕ ಕಿಟಕಿಯಲ್ಲಿದ್ದಳು. ನನ್ನ ಕಡೆ ನೋಡಲೂ ಇಲ್ಲ. "ನಿನ್ನೆ ಸಂಜೆ ದೋಣಿಗಳು ಆ ಕಡೆ ಹೋಗ್ಲಿಲ್ಲ" ಎಂದಳು.

"ಹೋಗಿಲ್ರಿ. ಇನ್ನ ಹೋಗಂಗಿಲ್ಲ."

"ಶಾಲೆ ಮೇಲೆ ಬಟ್ಟೆ ನೇತಾಕಿದ್ರಿ. ಅದ್ರಲ್ಲಿ ಪಂಡಿತರ ಧೋತ್ರ ಇತ್ತಲ್ಲ?"

ನಾನು ಬಾಯಿ ತೆರೆದೆ. ಮೇಜರ್ ನನ್ನ ಮೊಣಕಾಲು ಒತ್ತಿದಳು. ಬಾಯಿ ಮುಚ್ಚಿದೆ. ನನ್ನ ಜೀವನದ ಕಷ್ಟದ ಸೈನಿಕ ಕಾರ್ಯಾಚರಣೆ ಅದು.

"ಇತ್ರಿ. ಅವ್ರು ಅಲ್ಲೇ ಅದಾರ" ಎಂದಳು ಆಕೆ.

ಎದುರಿನ ಕಿಟಕಿಯಲ್ಲಿ ಮುನ್ನಿ ಚಾಚಿ, ಅದರಾಚೆ ಇನ್ನೂ ಕೆಲವು ಬಿಳಿತಲೆಗಳು, ಎಲ್ಲರೂ ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ಅವರತ್ತ ಒಮ್ಮೆ ಕಣ್ಣಾಡಿಸಿ ಹೇಳಿದಳು: "ನಾನು ಬಂದು ನೋಡ್ತೀನಿ. ನೋಡಿ, ಇವರಿಗೆ ಹೇಳಕೆ ವಾಪಸ್ ಬರ್ತೀನಿ. ಕರ್ಕಂಡ್ ಬರ್ತೀಯೇನಮ್ಮ?"

ಬಿರುಕು ಬಿಟ್ಟ ಮನೆಗಳ ಗಲ್ಲಿಗೆ, ಪಾರಾದ ಮುದುಕಿಯನ್ನು ಮತ್ತೆ ಕರೆತರುವುದು! ನಾನಾಗಿದ್ದರೆ "ಹೂಂ" ಎಂದು ಹೇಳಿ, ಶಾಲೆಗೆ ಮುಟ್ಟಿದ ಮೇಲೆ ಬೀಗ ಹಾಕುತ್ತಿದ್ದೆ. ಮೇಜರ್ ಗೋಡೆ ನೋಡಿದಳು, ನೀರು ನೋಡಿದಳು.

"ಕರ್ಕೊಂಡ್ ಬರ್ತೀನ್ರಿ. ನಿಮ್ಮ ಮನಿ ಒಳಗ ಬಿಡಂಗಿಲ್ಲ. ಗಲ್ಲಿ ಬಾಯಾಗ ದೋಣಿ ನಿಲ್ಲಿಸ್ತೀನಿ, ಅಲ್ಲಿಂದ ಹೇಳ್ರಿ. ಒಪ್ಪಿಗಿ?"

"ಒಪ್ಪಿಗೆ."

ಅಕ್ಕ ಪೂಜೆಯ ಪೆಟ್ಟಿಗೆ ತಬ್ಬಿಕೊಂಡು ಇಳಿದು ಬಂದಳು. ಜವಾನರು ಎತ್ತಿ ಕೂರಿಸಿದರು. ಗಲ್ಲಿ ದಾಟುವ ತನಕ ಅವಳು ದೋಣಿಯ ಮೂಗಿನಿಂದ ಕಣ್ಣು ತೆಗೆಯಲಿಲ್ಲ. ಶಾಲೆಗೆ ಹೋದೆವು. ಅಕ್ಕ ಪ್ರತಿಯೊಂದು ಕೋಣೆ ಇಣುಕಿದಳು, ಪಂಡಿತರನ್ನು ತಟ್ಟಿ ಎಬ್ಬಿಸಿ "ಜೀವಂತ ಇದ್ದೀರಾ?" ಎಂದಳು, ಹಿತ್ತಲಿಗೆ ಹೋಗಿ ಗಂಗೆ ಯಾವ ಕಡೆಗಿದ್ದಾಳೆ ಎಂದು ಸೂರ್ಯನನ್ನು ನೋಡಿ ಖಾತ್ರಿ ಮಾಡಿಕೊಂಡಳು. ಚಹಾ ಕೊಟ್ಟರೆ ಬೇಡವೆಂದಳು. "ನಡೀರಿ ಬೇಗ, ಅವರು ಕಾಯ್ತವ್ರೆ."

ಮೇಜರ್ ಕೊಟ್ಟ ಮಾತಿನಂತೆ ದೋಣಿ ಮತ್ತೆ ಹೊರಟಿತು, ಹಿಂದೆ ಖಾಲಿ ದೋಣಿಗಳ ಸಾಲು. ನಾನೂ ಹತ್ತಲು ಹೋದೆ. ಅಕ್ಕ ನನ್ನ ಭುಜ ಹಿಡಿದು ತಡೆದಳು.

"ನೀನು ಬ್ಯಾಡ ಕಣೋ. ನೀನ್ ಪಕ್ಕದಲ್ಲಿದ್ರೆ ನನ್ನ ಮಾತೂ ಯಾರೂ ನಂಬಲ್ಲ."

ಜವಾನರು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ರಸ್ತೆಯ ಅಂಚಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಸಾಲಿನ ಕೊನೆಯ ಖಾಲಿ ದೋಣಿಯ ಹಿಂಬದಿ ಹಿಡಿದು ನಿಂತೆ. ಮುಂದೆ, ಗಲ್ಲಿಯ ಬಾಯಲ್ಲಿ, ಕಿತ್ತಳೆ ಜಾಕೆಟ್ಟಿನ ನಮ್ಮಕ್ಕ ಎದ್ದು ನಿಂತಳು. ಒಬ್ಬ ಜವಾನ ಅವಳ ಸೊಂಟ ಹಿಡಿದಿದ್ದ.

"ಅರೇ ಮುನ್ನೀ! ಇಸೀ ಪಾರ್ ಹೌ! ಪಂಡಿತ್‌ಜೀ ಸೋವತ್ ಹಉಅನ್! ಚಲಾ, ಚಲಾ!" ಈ ದಡವೇ, ಪಂಡಿತರು ಮಲಗಿದ್ದಾರೆ, ನಡೀರಿ ಎಂದು ಕೂಗಿದಳು.

ಮೊದಲು ಏನೂ ಆಗಲಿಲ್ಲ. ಆಮೇಲೆ ಗಲ್ಲಿಯೊಳಗೆ ಎಲ್ಲೋ ಒಂದು ಕಬ್ಬಿಣದ ಚಿಲಕ ಕಿರುಗುಟ್ಟಿತು. ಇನ್ನೊಂದು. ಮತ್ತೆ ಎದುರಿಗೆ ಒಂದು, ಮೇಲೆ ಒಂದು, ಒಟ್ಟೊಟ್ಟಿಗೆ ಹಲವು. ಬಾಗಿಲುಗಳು ನೀರನ್ನು ತಳ್ಳಿಕೊಂಡು ತೆರೆಯುವ ಸದ್ದು. ನಾನು ಕಿವಿ ನಿಮಿರಿಸಿ, ಬಾಯಿ ತೆರೆದು ಕೇಳುತ್ತ ನಿಂತುಬಿಟ್ಟೆ.

ಅಕ್ಕ ಹಿಂದೆ ತಿರುಗಿದಳು.

"ನಿಂತ್ಕಂಡು ಏನ್ ಕೇಳ್ತೀಯೋ ರುದ್ರ? ತಳ್ಳು!"

ತಳ್ಳಿದೆ.